ಒಂದು ‘ನ್ನು’, ಒಂದು ‘ಸಿ’

ಯಾರಾದರೂ ಕೆಮ್ಮಿದರೆ ಅದನ್ನೂ ‘ಕೆಮ್ಮು’ ಎಂದು ಟೈಪು ಮಾಡುವ ಆಸಾಮಿ ಅಂತ ಟೈಪಣ್ಣನನ್ನು ಎಲ್ಲರೂ ಆಡಿಕೊಳ್ಳುತ್ತಿದ್ದರು. ಅದೇನೂ ಸುಳ್ಳಲ್ಲ. ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ ತಿಂಗಳಿಗೊಂದು ಭಾನುವಾರ ಸಂಜೆ ಸಾಕ್ಷ್ಯಚಿತ್ರ ತೋರಿಸಿ, ಆಮೇಲೆ ಕೂತು ಅದರ ಬಗ್ಗೆ ಮಾತಾಡುವ ಗುಂಪೊಂದಿತ್ತು. ಮನೆಯಿಂದ ಬೀದಿಗೆ ಬಿದ್ದ ಬಾಡಿಗೆದಾರರು, ಸಂಬಳವಿಲ್ಲದ ಆಸ್ಪತ್ರೆಯ ಆಯಾಗಳು, ಇಂಥವರ ಚಿತ್ರಗಳು. ನೋಡಲು ಬರುವವರಲ್ಲಿ ಮುಕ್ಕಾಲು ಪಾಲು ಜನ ಮಗ್ಗದ ಕಾರ್ಖಾನೆಗಳಲ್ಲಿ ದುಡಿದು, ಆ ಸದ್ದಿಗೆ ಅರ್ಧ ಕಿವಿ ಕಳೆದುಕೊಂಡವರು. ಹಾಗಾಗಿ ಆಡಿದ ಮಾತೆಲ್ಲ ಪರದೆಯ ಕೆಳಗೆ ಅಕ್ಷರವಾಗಿಯೂ ಬರಬೇಕು. ಆ ಅಕ್ಷರ ಕೂರಿಸುವ ಕೆಲಸ ಟೈಪಣ್ಣನದು.

ಅವನು ಆ ಕೋಣೆಗೆ ಬಂದದ್ದೇ ಜಗಳಕ್ಕೆ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರ ಆಫೀಸಿನಲ್ಲಿ ಮೂವತ್ತೊಂದು ವರ್ಷ ಟೈಪಿಸ್ಟ್ ಆಗಿದ್ದು, ನಿವೃತ್ತನಾಗಿ, ದಿನವೂ ಗ್ರಂಥಾಲಯದ ಕೆಳಗಿನ ಕೋಣೆಯಲ್ಲಿ ಪೇಪರು ಓದುತ್ತಿದ್ದ. ಒಂದು ಭಾನುವಾರ ಮೇಲೇನು ಗದ್ದಲ ಅಂತ ಹತ್ತಿ ಹೋದರೆ, ಪರದೆಯ ಮೇಲೆ ಒಂದು ಸಾಲಿಗೆ ಮೂರು ತಪ್ಪು. ಚಿತ್ರ ಮುಗಿಯುವವರೆಗೂ ತಡೆದುಕೊಂಡಿದ್ದು, ಗುಂಪು ನಡೆಸುತ್ತಿದ್ದ ಟೀಚರ್ ಹತ್ತಿರ ಹೋಗಿ ಅಕ್ಷರ ಅಂದರೆ ಹುಡುಗಾಟವಾ ಎಂದು ದಬಾಯಿಸಿದ. ಆಕೆ ಸ್ಕೂಲಿನಲ್ಲಿ ಅರವತ್ತು ಮಕ್ಕಳನ್ನು ಸುಮ್ಮನಿರಿಸುವ ಹೆಂಗಸು, ಇವನಿಗೆ ಹೆದರುತ್ತಾಳೆಯೇ? ತಪ್ಪು ಹುಡುಕುವವರು ಸಾಕಷ್ಟು ಜನ ಇದ್ದಾರೆ ಸಾರ್, ತಿದ್ದುವವರು ಸಿಕ್ಕಿರಲಿಲ್ಲ ಎಂದು ಅವತ್ತೇ ಕೆಲಸ ಹೊರಿಸಿ ಕಳಿಸಿದಳು. ಅದಾಗಿ ಆರು ವರ್ಷ.

ಅವನದು ಒಂದೇ ನಿಯಮ, ಆಡಿದ್ದೇ ಅಕ್ಷರ. ಮಾತಾಡುವವರು ‘ಅದೂ... ಏನಂದ್ರೆ...’ ಎಂದು ತಡವರಿಸಿದರೆ ಆ ತಡವರಿಕೆಯೂ ಪರದೆಗೆ ಬರಬೇಕು. ಸ್ವಲ್ಪ ಚಿಕ್ಕದು ಮಾಡಿ, ಜನಕ್ಕೆ ಅಷ್ಟು ಬೇಗ ಓದಲಾಗುವುದಿಲ್ಲ ಎಂದು ಟೀಚರ್ ಒಮ್ಮೆ ಕೇಳಿಕೊಂಡಾಗ, ಒಂದಕ್ಷರವನ್ನೂ ಬಿಡುವುದಿಲ್ಲ ಎಂದು ರೇಗಿಬಿಟ್ಟ. ಮುದುಕರ ಹಟ ಎಂದುಕೊಂಡು ಟೀಚರ್ ಸುಮ್ಮನಾದಳು. ಆ ಹಟ ಎಲ್ಲಿಂದ ಬಂತು ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? ಅವನ ಹೆಂಡತಿಗೇ ಗೊತ್ತಿರಲಿಲ್ಲ.

ಈ ಸಲದ ಚಿತ್ರವನ್ನು ಟೀಚರ್ ತಾನೇ ರಜೆಯ ದಿನಗಳಲ್ಲಿ ತೆಗೆದಿದ್ದಳು. ಬಣ್ಣದ ಕಾರ್ಖಾನೆಗಳ ಕೊಳಕು ನೀರಿನ ತೊಟ್ಟಿಗಳಲ್ಲಿ ಉಸಿರುಕಟ್ಟಿ ಸತ್ತವರು, ಅವರ ಮನೆಯವರು. ಟೈಪಣ್ಣ ಬೆಳಿಗ್ಗೆ ಸ್ನಾನ ಮುಗಿಸಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತ. ಮೊದಲಿಬ್ಬರ ಮಾತು ಸಲೀಸಾಗಿ ಮುಗಿಯಿತು. ಮೂರನೆಯವಳು ಇಸ್ತ್ರಿ ಅಂಗಡಿಯ ಹೆಂಗಸು. ಮುಖ ಗುರುತು ಸಿಗಲಿಲ್ಲ, ಹದಿನೆಂಟು ವರ್ಷಕ್ಕೆ ಯಾರ ಮುಖ ತಾನೇ ಹಾಗೇ ಉಳಿದೀತು? ಆದರೆ ಬಾಯಿ ತೆರೆದದ್ದೇ ತಡ, ದನಿಯ ಗುರುತು ಸಿಕ್ಕಿತು.

“ನಮ್ಮನೆಯವರನ್ನು ತೊಟ್ಟಿಗೆ ಇಳಿಸಿದ್ರು,” ಎನ್ನುತ್ತಿದ್ದಳು ಇಸ್ತ್ರಿಯಮ್ಮ, ಕೈಯಲ್ಲಿ ಅಂಗಿಯ ಕಾಲರು ಒತ್ತುತ್ತಲೇ. “ಊಟದ ಡಬ್ಬಿ ಕೊಡೋಕೆ ಹೋದವಳು ಕಣ್ಣಾರೆ ನೋಡಿದ್ದೀನಿ. ಬೇಡ ಬೇಡ ಅಂದ್ರೂ ಇಳಿಸಿದ್ರು. ಹಾಗಂತಾನೇ ಹೇಳಿಕೆ ಕೊಟ್ಟೆ. ಆಫೀಸಲ್ಲಿ ಒಬ್ರು ಅದನ್ನ ಟೈಪ್ ಮಾಡಿ ಓದಿ ಹೇಳಿದ್ರು. ಪುಣ್ಯಾತ್ಮ, ನಾನು ಆಡಿದ ಹಾಗೇ ಓದಿದ್ರು. ಹೆಬ್ಬೆಟ್ಟು ಒತ್ತಿದೆ. ಆಮೇಲೆ ನೋಡಿದ್ರೆ, ಅವರೇ ಇಳಿದ್ರು ಅಂತ ನೀನೇ ಹೇಳಿದ್ದೀಯಲ್ಲಮ್ಮ ಅಂತಾರೆ. ಯಾರೋ ಕಾಗದ ಬದಲಾಯಿಸಿದ್ದಾರೆ. ನನ್ನ ಕಾಗದ ಎಲ್ಲೋ ಒಂದು ಬೀರುವಿನಲ್ಲಿ ಇದ್ದೇ ಇದೆ.”

ಟೈಪಣ್ಣ ಇಯರ್‌ಫೋನ್ ಕಿತ್ತು ಮೇಜಿನ ಮೇಲಿಟ್ಟ. ಆ ಪುಣ್ಯಾತ್ಮ ಅವನೇ.

ನಡೆದದ್ದು ಇಷ್ಟು. ಅವತ್ತು ಅವಳು ಅತ್ತು ಅತ್ತು ಹೇಳಿದ್ದನ್ನು ಅವನು ಒಂದಕ್ಷರ ಬಿಡದೆ ಟೈಪು ಮಾಡಿದ್ದ. ‘ಅವರನ್ನು ತೊಟ್ಟಿಗೆ ಇಳಿಸಿದರು.’ ಮ್ಯಾನೇಜರು ಓದಿ, ಪೆನ್ಸಿಲಿನಿಂದ ಎರಡು ಕಡೆ ಸುತ್ತು ಹಾಕಿ, ಹಾಳೆ ವಾಪಸು ತಳ್ಳಿದ. ಒಂದು ‘ನ್ನು’, ಒಂದು ‘ಸಿ’. ಈ ಎರಡಕ್ಷರ ತೆಗೆದು ಹೊಸದಾಗಿ ಹೊಡಿ, ಅಷ್ಟಕ್ಕೆ ಯಾಕಪ್ಪಾ ಮುಖ ಸಣ್ಣ ಮಾಡ್ತೀಯಾ ಎಂದ. ‘ಅವರು ತೊಟ್ಟಿಗೆ ಇಳಿದರು.’ ನೋಡಿ, ಎರಡಕ್ಷರ ಹೋದದ್ದೇ ಹೋದದ್ದು, ಇಳಿಸಿದವರು ಯಾರೂ ಇಲ್ಲದಂತಾಯಿತು. ಸತ್ತವನೇ ತಪ್ಪಿತಸ್ಥ. ಟೈಪಣ್ಣನಿಗೆ ಆಗ ಓದುವ ಮಕ್ಕಳು ಬೇರೆ ಇದ್ದರು. ತುಟಿ ಪಿಟಕ್ಕೆನ್ನದೆ ಹೊಡೆದು ಕೊಟ್ಟ.

ಅಷ್ಟೇ ಆಗಿದ್ದರೆ ಅದು ಹೆದರಿದವನ ತಪ್ಪು. ಹೆದರಿದವರನ್ನು ಲೋಕ ಕ್ಷಮಿಸುತ್ತದೆ. ಆದರೆ ಆಮೇಲೆ ಅದನ್ನು ಓದಿ ಹೇಳಿ ಹೆಬ್ಬೆಟ್ಟು ಹಾಕಿಸುವ ಕೆಲಸವೂ ಇವನ ಪಾಲಿಗೇ ಬಂತು. ಗೋಡೆಗೆ ಒರಗಿ ಕೂತ ಆ ಹೆಂಗಸು ತಲೆಯೆತ್ತಿ ನೋಡಿದಳು. ಹಾಳೆಯಲ್ಲಿ ಇದ್ದದ್ದನ್ನು ಅವಳ ಮುಖಕ್ಕೆ ಹೇಳಲು ಇವನಿಗೆ ಬಾಯಿ ಬರಲಿಲ್ಲ. ಪಾಪ, ಇವತ್ತೊಂದು ದಿನವಾದರೂ ಸಮಾಧಾನವಾಗಿರಲಿ ಎಂದುಕೊಂಡು, ಇಲ್ಲದ ‘ನ್ನು’ವನ್ನೂ ಇಲ್ಲದ ‘ಸಿ’ಯನ್ನೂ ಸೇರಿಸಿ, ಅವಳು ಆಡಿದ ಹಾಗೇ ಓದಿದ. ಅದನ್ನು ಕರುಣೆ ಎಂದು ತಿಳಿದುಕೊಂಡಿದ್ದ ಮಹಾರಾಯ! ಇದ್ದದ್ದನ್ನು ಇದ್ದ ಹಾಗೆ ಓದಿದ್ದರೆ ಅವಳು ಹೆಬ್ಬೆಟ್ಟು ಒತ್ತುತ್ತಲೇ ಇರಲಿಲ್ಲ ಎಂಬುದು ಅವನಿಗೆ ಹೊಳೆದದ್ದು ಮನೆಗೆ ಹೋಗುವ ಬಸ್ಸಿನಲ್ಲಿ. ಆಗ ಹಾಳೆ ಮ್ಯಾನೇಜರನ ಫೈಲು ಸೇರಿತ್ತು.

ಮೂರು ದಿನ ಅವನು ಆ ಒಂದು ಮಾತಿನ ಮುಂದೆಯೇ ಕೂತ. ‘ಪುಣ್ಯಾತ್ಮ’ ಎಂದು ಟೈಪು ಮಾಡುವುದು, ಅಳಿಸುವುದು. ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ, ಕಿವಿ ಮಂದವಾದ ಜನ. ಆದರೆ ಮತ್ತೆ ಅಕ್ಷರ ನುಂಗುವುದೇ? ಅದರ ಮೇಲೆ ಟೀಚರ್ ಫೋನು ಮಾಡಿ, ಕಾರ್ಖಾನೆ ಮುಚ್ಚಿದ ಮೇಲೆ ಅಲ್ಲಿಯ ಬೀರುಗಳೆಲ್ಲ ಒಂದು ಗೋದಾಮಿನಲ್ಲಿವೆಯಂತೆ, ಭಾನುವಾರ ಎಲ್ಲರೂ ಒಂದು ಅರ್ಜಿಗೆ ಸಹಿ ಹಾಕಿ ಆ ಗೋದಾಮು ತೆಗೆಸೋಣ, ಇಸ್ತ್ರಿಯಮ್ಮನ ಕಾಗದ ಸಿಕ್ಕೇ ಸಿಗುತ್ತದೆ ಎಂದು ಉತ್ಸಾಹದಿಂದ ಹೇಳಿದಳು. ಟೈಪಣ್ಣ ಹ್ಞೂಂ ಎಂದು ಫೋನಿಟ್ಟ.

ಮೂರನೆಯ ದಿನ ಹೆಂಡತಿ, ಊಟ ಬಿಟ್ಟು ಕೂತಿದ್ದು ಸಾಕು, ಏನಾಗಿದೆ ಹೇಳಿ ಎಂದು ಪಟ್ಟು ಹಿಡಿದಳು. ಹೇಳಿದ. ತಟ್ಟೆ ಎತ್ತಿಕೊಂಡು ಒಳಗೆ ಹೋದವಳು ಬಾಗಿಲಿಗೆ ವಾಪಸು ಬಂದು ನಿಂತಳು.

“ಇಷ್ಟು ವರ್ಷ ನನಗೂ ಬೇರೇನೇ ಓದಿ ಹೇಳಿದ್ರಲ್ಲ.”

ಇನ್ನು ಆ ಗುಂಪಿನ ಕಡೆ ತಲೆ ಹಾಕುವುದಿಲ್ಲ, ಟೈಪು ಮಾಡಿ ಕಳಿಸಿ ಮನೆಯಲ್ಲೇ ಇದ್ದುಬಿಡುತ್ತೇನೆ ಎಂದ.

“ನೀವು ಮನೇಲಿರಿ,” ಎಂದಳು ಹೆಂಡತಿ. “ಆಯಮ್ಮ ಮಾತ್ರ ಇಲ್ಲದ ಕಾಗದಕ್ಕೆ ಬೀರು ಹುಡುಕ್ತಾ ಸಾಯಲಿ.”

ಆ ರಾತ್ರಿ ಅವನು ‘ಪುಣ್ಯಾತ್ಮ’ ಎಂದು ಟೈಪು ಮಾಡಿದ. ಅಳಿಸಲಿಲ್ಲ.

ಭಾನುವಾರ ಮಹಡಿಯ ಕೋಣೆ ತುಂಬಿತ್ತು. ಕುರ್ಚಿ ಸಾಲದೆ ಕಿಟಕಿಯ ಕಟ್ಟೆಯ ಮೇಲೂ ಜನ. ಇಸ್ತ್ರಿಯಮ್ಮ ಮೊದಲ ಸಾಲಿನಲ್ಲಿ, ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಕವರು ಇಟ್ಟುಕೊಂಡು ಕೂತಿದ್ದಳು. ಟೈಪಣ್ಣ ಹಿಂದಿನ ಗೋಡೆಗೆ ಒರಗಿ ನಿಂತ. ಹೆಂಡತಿ ಎಂದೂ ಬಾರದವಳು ಇವತ್ತು ಬಂದು ಬಾಗಿಲ ಬಳಿ ಕೂತಿದ್ದಳು. ಪರದೆಯ ಕೆಳಗೆ ‘ಪುಣ್ಯಾತ್ಮ, ನಾನು ಆಡಿದ ಹಾಗೇ ಓದಿದ್ರು’ ಎಂದು ಅಕ್ಷರ ಮೂಡಿದಾಗ, ಸಾಲಿನಲ್ಲಿದ್ದ ಮಗ್ಗದವರು ಬಾಯಲ್ಲೇ ಓದಿಕೊಂಡು ತಲೆದೂಗಿದರು. ಸದ್ಯ ಅಲ್ಲಿ ಒಬ್ಬನಾದರೂ ಒಳ್ಳೆಯವನಿದ್ದನಲ್ಲ ಎಂದು ಯಾರೋ ಗಟ್ಟಿಯಾಗಿಯೇ ಅಂದರು. ಕಿವಿ ಕೇಳದವರ ಪಿಸುಮಾತೂ ಗಟ್ಟಿ. ಟೈಪಣ್ಣನ ಅಂಗಿ ಬೆನ್ನಿಗೆ ಅಂಟಿಕೊಂಡಿತು.

ದೀಪ ಹಾಕಿದರು. ಆ ಗುಂಪಿನಲ್ಲಿ ಒಂದು ಕ್ರಮವಿತ್ತು. ಚಿತ್ರದಲ್ಲಿ ಇರುವವರು ಯಾರಾದರೂ ಬಂದಿದ್ದರೆ ಮೊದಲ ಮಾತು ಅವರದು, ಉಳಿದವರು ಆಮೇಲೆ. ಟೀಚರ್ ಇಸ್ತ್ರಿಯಮ್ಮನ ಕಡೆ ಮೈಕು ಚಾಚುವಷ್ಟರಲ್ಲಿ ಹಿಂದಿನಿಂದ ಟೈಪಣ್ಣ ಕೈ ಎತ್ತಿದ. ಸಾರ್, ಮೊದಲು ಚಿತ್ರದಲ್ಲಿರೋರು ಎಂದು ಟೀಚರ್ ನಗುತ್ತಲೇ ನೆನಪಿಸಿದಳು.

“ನಾನೂ ಇದ್ದೀನಿ, ಚಿತ್ರದಲ್ಲಿ,” ಎಂದ.

ಅಕ್ಷರ ಕೂರಿಸಿದ ಜಂಬ ಎಂದುಕೊಂಡು ನಾಲ್ಕು ಜನ ನಕ್ಕರು. ಅವನು ಸಾಲುಗಳ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದ. ಮೈಕು ತೆಗೆದುಕೊಳ್ಳಲಿಲ್ಲ. ಇಸ್ತ್ರಿಯಮ್ಮನ ಎದುರು ನಿಂತ, ನಿಲ್ಲಲಾಗಲಿಲ್ಲ, ನೆಲದ ಮೇಲೇ ಕೂತ. ಅವತ್ತು ಕುರ್ಚಿಯಲ್ಲಿ ಕೂತದ್ದು ಇವನು, ನೆಲದಲ್ಲಿ ಕೂತದ್ದು ಅವಳು.

“ಅಮ್ಮಾ, ಓದಿ ಹೇಳಿದ್ದು ನಾನು. ಕಾಗದ ಯಾರೂ ಬದಲಾಯಿಸಲಿಲ್ಲ. ನೀವು ಹೆಬ್ಬೆಟ್ಟು ಒತ್ತಿದಾಗಲೇ ಅದರಲ್ಲಿ ಇಳಿದರು ಅಂತ ಇತ್ತು. ಟೈಪ್ ಮಾಡಿದ್ದೂ ನಾನೇ. ನಿಮ್ಮ ಮುಖ ನೋಡಿ ಬೇರೆ ಓದಿದೆ. ಬೀರುವಿನಲ್ಲಿ ಏನೂ ಇಲ್ಲಮ್ಮ.”

ಮುಂದಿನ ಸಾಲಿನವರಿಗೆ ಕೇಳಿಸಿತು. ಹಿಂದಿನವರು ಏನಂತೆ, ಏನಂತೆ ಎಂದು ಕೇಳುತ್ತಿದ್ದರು, ಯಾರೂ ಹೇಳಲಿಲ್ಲ. ಟೀಚರ್ ಮೈಕು ಹಿಡಿದುಕೊಂಡೇ ನಿಂತಿದ್ದಳು. ಇಸ್ತ್ರಿಯಮ್ಮ ಬೈಯುತ್ತಾಳೆ, ಕೆನ್ನೆಗೆ ಬಾರಿಸುತ್ತಾಳೆ ಎಂದು ಟೈಪಣ್ಣ ಕಾಯುತ್ತಿದ್ದ. ಹಾಗೆ ಆಗಿದ್ದರೆ ಅವನಿಗೂ ಹಗುರವಾಗುತ್ತಿತ್ತು. ಅವಳು ಮಾತ್ರ ಅವನನ್ನೇ ನೋಡುತ್ತಾ ಕೂತಿದ್ದಳು. ಹದಿನೆಂಟು ವರ್ಷ ನಂಬಿದ ಬೀರು ಬರಿದಾಗಲು ಹೊತ್ತು ಹಿಡಿಯದೇ? ಆಮೇಲೆ ಮಡಿಲಿನ ಕವರಿನಿಂದ ಒಂದು ಹಾಳೆ ಹೊರಗೆ ತೆಗೆದಳು. ಅವಳ ಹೇಳಿಕೆಯ ನಕಲು, ಮಡಿಕೆಗಳಲ್ಲಿ ಹರಿದು ಟೇಪು ಅಂಟಿಸಿದ್ದು.

“ಹಾಗಾದ್ರೆ ಇದೇನಾ ನನ್ನ ಕಾಗದ?”

“ಇದೇ.”

“ಓದಿ,” ಎಂದಳು. “ಇದರಲ್ಲಿ ಏನಿದೆಯೋ ಅದನ್ನ ಓದಿ.”

ಅವನು ಕನ್ನಡಕ ಏರಿಸಿಕೊಂಡ. ತಾನೇ ಹೊಡೆದ ಸಾಲುಗಳು, ಒಂದು ಕಡೆಯೂ ತಪ್ಪಿಲ್ಲದ ಟೈಪಿಂಗು. ‘ನನ್ನ ಗಂಡ ಕೆಲಸಕ್ಕೆ ಬಂದಿದ್ದರು. ಅವರು ತೊಟ್ಟಿಗೆ ಇಳಿದರು.’ ಇಸ್ತ್ರಿಯಮ್ಮ, ಇನ್ನೊಂದು ಸಲ ಎಂದಳು. ಇನ್ನೊಂದು ಸಲ ಓದಿದ. ಹೆಬ್ಬೆಟ್ಟಿನ ಗುರುತಿನವರೆಗೆ ಬಂದು ನಿಲ್ಲಿಸಿದ. ಅದರ ಪಕ್ಕದಲ್ಲಿ ಇನ್ನೂ ಏನೋ ಇದೆಯಲ್ಲ ಎಂದು ಅವಳು ಬೆರಳಿಟ್ಟು ತೋರಿಸಿದಳು. ಓದು ಬಾರದಿದ್ದರೂ ಆ ಹಾಳೆಯಲ್ಲಿ ಎಲ್ಲೆಲ್ಲಿ ಮಸಿಯಿದೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು.

“‘ಓದಿ ಹೇಳಲಾಯಿತು,’” ಎಂದು ಅವನು ಓದಿದ. “‘ಕೇಳಿದೆ. ಸರಿಯಿದೆ.’”

“ಸರಿಯಿಲ್ಲ,” ಎಂದಳು ಇಸ್ತ್ರಿಯಮ್ಮ. “ಹಾಗಂತ ಬರ್ಕೊಳ್ಳಿ. ಇಳಿಸಿದ್ರು ಅಂತ ನಾನು ಹೇಳಿದ್ದೆ ಅಂತಲೂ ಬರೀರಿ. ಕೆಳಗೆ ನಿಮ್ಮ ಹೆಸರು ಹಾಕಿ.”

ಟೈಪಣ್ಣ ಜೇಬು ತಡಕಿದ, ಪೆನ್ನಿರಲಿಲ್ಲ. ಬಾಗಿಲ ಬಳಿಯಿಂದ ಅವನ ಹೆಂಡತಿ ಎದ್ದು ಬಂದು, ಟೀಚರ್ ಕೈಯಲ್ಲಿದ್ದ ಪೆನ್ನು ಕೇಳಿ ತೆಗೆದುಕೊಂಡು ಅವನಿಗೆ ಕೊಟ್ಟಳು. ಸಹಿಗೆಂದು ತಂದಿದ್ದ ಅರ್ಜಿಯನ್ನು ಮಗುಚಿ, ಅದರ ಬೆನ್ನ ಮೇಲೆ, ಕುರ್ಚಿಯೊಂದಕ್ಕೆ ಆನಿಸಿ ಬರೆದ. ‘ನ್ನು’ ಬರೆದ, ‘ಸಿ’ ಬರೆದ, ಹೆಸರು ಬರೆದ. ಆಮೇಲೆ ಕಡೆಯ ಸಾಲಿನವರಿಗೂ ಕೇಳುವ ಹಾಗೆ, ಬರೆದದ್ದನ್ನೇ ಓದಿ ಹೇಳಿದ.