ಎಡಗಂಕುಳ ಒಳಜೇಬು

ಆ ದಿನ ಟೈಲರು ಬೆಳಿಗ್ಗೆಯಿಂದ ಒಂದು ಹೊಲಿಗೆಯನ್ನೂ ಹಾಕಲಿಲ್ಲ. ಹಾಕಿದ್ದನ್ನೇ ಬಿಚ್ಚುತ್ತಾ ಕೂತಿದ್ದರು. ಮುಂದೆ ಖಾಕಿ ಅಂಗಿಗಳ ರಾಶಿ. ಪಕ್ಕದಲ್ಲಿ ಹೆಂಡತಿ ಗುಂಡಿ ಹಚ್ಚುತ್ತಿದ್ದಳು, ನಡುನಡುವೆ ನಗುತ್ತಿದ್ದಳು.

"ನಗಬೇಡ ಕಣೇ. ಹೊಟ್ಟೆಪಾಡಿನ ವಿಷಯ."

"ಬಾಯಿ ಸುಮ್ಮನಿದ್ರೂ ನಿಮ್ಮ ಸೂಜಿ ಸುಮ್ಮನಿರಲಿಲ್ವಲ್ಲ ರೀ!"

ಅಂಗಡಿ ಎಂದರೆ ಪೊಲೀಸ್ ಠಾಣೆಯ ಗೋಡೆಗೆ ಆತುಕೊಂಡ ತಗಡಿನ ಗೂಡು. ಇಪ್ಪತ್ತಾರು ವರ್ಷದಿಂದ ಠಾಣೆಯವರ ಬಟ್ಟೆಯೆಲ್ಲ ಅಲ್ಲೇ. ಅಳತೆ ಕೊಡುವಾಗ ಕೆಲವರು ದನಿ ತಗ್ಗಿಸಿ, "ಟೈಲರೇ, ಅದೊಂದು ಇರಲಿ" ಎನ್ನುತ್ತಿದ್ದರು. ಅದೊಂದು ಅಂದರೆ ಎಡಗಂಕುಳ ಕೆಳಗೆ ಒಂದು ಒಳಜೇಬು. ಹೊರಗಿನಿಂದ ಕಾಣದು. ಟೈಲರು ಯಾಕೆ ಎಂದು ಕೇಳಿದವರಲ್ಲ.

ಹೋದ ವರ್ಷ ಸಿನಿಮಾದವರು ಬಂದಿದ್ದರು. ಲಂಚ ತಿನ್ನುವ ಪೊಲೀಸರ ಕಥೆಯಂತೆ. ಉದ್ದಕ್ಕೂ ರಕ್ತ, ಕತ್ತಲೆ, ಬೈಗುಳ. ಹನ್ನೆರಡು ಅಂಗಿ ಬೇಕಿತ್ತು.

"ಕಥೇಲಿ ಈ ಪೊಲೀಸರು ಎಂಥವರು ಸಾರ್?" ಎಂದು ಟೈಲರು ಕೇಳಿದರು.

"ಒಬ್ಬನ್ನ ಬಿಟ್ಟು ಎಲ್ಲರೂ ತಿನ್ನೋರೇ" ಎಂದ ನಿರ್ದೇಶಕ.

ಸರಿ. ಟೈಲರು ಕೈಯ ಅಭ್ಯಾಸದಂತೆ ಹನ್ನೊಂದು ಅಂಗಿಗೆ ಒಳಜೇಬು ಇಟ್ಟರು. ಒಳ್ಳೆಯವನ ಅಂಗಿಗೆ ಮಾತ್ರ ಇಡಲಿಲ್ಲ. ಅದನ್ನು ಕಂಡು ನಿರ್ದೇಶಕ ಖುಷಿಯಿಂದ ಕುಣಿದಾಡಿದ. ಆ ಜೇಬನ್ನೇ ಪರದೆ ತುಂಬ ತೋರಿಸಿದ.

ಸಿನಿಮಾ ಓಡಿತು. ಊರಿನವರು ಪೊಲೀಸರ ಮುಖ ನೋಡುವುದು ಬಿಟ್ಟು ಕಂಕುಳು ನೋಡತೊಡಗಿದರು. ಶಾಲೆ ಮಕ್ಕಳು ವೃತ್ತದಲ್ಲಿ ನಿಂತ ಪೇದೆಗೆ, "ಮಾಮಾ, ಎಡಗೈ ಎತ್ತಿ!" ಎನ್ನುತ್ತಿದ್ದರು. ಪಾಪ, ಅವನ ಕೆಲಸವೇ ಕೈ ಎತ್ತುವುದು.

ಆಮೇಲೆ ಠಾಣೆಯವರು ಒಬ್ಬೊಬ್ಬರಾಗಿ ಅಂಗಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ಬಂದರು.

"ಟೈಲರೇ, ಇಲ್ಲೇನೋ ಚುಚ್ಚುತ್ತೆ, ತೆಗೆದುಬಿಡಿ. ನಂದಲ್ಲ, ನಮ್ಮ ಭಾವಂದು."

"ನಿಮ್ಮ ಭಾವ ಮೇಷ್ಟ್ರಲ್ವಾ?"

"ಸುಮ್ನೆ ಬಿಚ್ಚಿ ಮಾರಾಯ್ರೇ!"

ಆ ದಿನ ಸಂಜೆ ಇನ್ಸ್‌ಪೆಕ್ಟರೇ ಬಂದರು. ಅಂಗಿಯನ್ನು ಮೆಷಿನ್ ಮೇಲೆ ಎಸೆದರು.

"ನಾಳೆಯೊಳಗೆ ಈ ಜೇಬು ಹೋಗಿರಬೇಕು. ಈ ಗೂಡೂ ಹೋಗಿರಬೇಕು."

"ಮೊದಲು ಯಾವುದು ಸಾರ್?" ಎಂದರು ಟೈಲರು. ನಿಜವಾಗಿಯೂ ಗೊತ್ತಾಗದೆ ಕೇಳಿದ್ದು. ಇನ್ಸ್‌ಪೆಕ್ಟರು ಠಾಣೆಯ ಕಡೆ ತಿರುಗಿ ನಡೆದರು.

ಮನೆಗೆ ನಡೆಯುವಾಗ ಟೈಲರು, "ಮೆಷಿನ್ ಹೊತ್ಕೊಂಡು ಎಲ್ಲಿಗೆ ಹೋಗೋದೇ?" ಎಂದರು.

"ನಮ್ಮ ತವರಿಗೆ."

"ಅದಕ್ಕಿಂತ ಲಾಕಪ್ಪೇ ವಾಸಿ."

ಇಬ್ಬರೂ ದಾರಿಯಲ್ಲೇ ನಿಂತು ನಕ್ಕರು.

ಬೆಳಿಗ್ಗೆ ಹೆಂಡತಿ ಕೂಗಿದಳು. ಟೈಲರು ಏಳಲಿಲ್ಲ. ಮೈ ಅಲ್ಲಾಡಿಸಿದಳು. ತಣ್ಣಗಿತ್ತು. ನಿದ್ದೆಯಲ್ಲೇ ಹೃದಯ ನಿಂತಿದೆ ಎಂದರು ಡಾಕ್ಟರು.

ಹದಿನೈದು ದಿನ ಅಂಗಡಿಯ ತಂಟೆಗೆ ಯಾರೂ ಬರಲಿಲ್ಲ. ಹದಿನಾರನೆಯ ದಿನ ಅವಳೇ ಬಾಗಿಲು ತೆಗೆದಳು. ಇನ್ಸ್‌ಪೆಕ್ಟರರ ಅಂಗಿ ಹಾಗೇ ಇತ್ತು. ಬ್ಲೇಡು ಹಿಡಿದಳು, ಇಟ್ಟಳು. ಮತ್ತೆ ಹಿಡಿದಳು. ಇರುವೆ ಸಾಲಿನ ಹಾಗೆ ಸಣ್ಣ ಸಣ್ಣ ಹೊಲಿಗೆ. ಆಗಲಿಲ್ಲ. ಅಂಗಿಯ ಒಳಮೈ ಹೊರಗೆ ತಿರುವಿ ಬಾಗಿಲ ಮೊಳೆಗೆ ನೇತುಹಾಕಿದಳು. ಅಂಗಿಗೆ ಚುಚ್ಚಿದ್ದ ಚೀಟಿಯ ಮೇಲೆ ಸಾಹೇಬರ ಹೆಸರು ದಪ್ಪಗೆ ಕಾಣುತ್ತಿತ್ತು.

ಇನ್ಸ್‌ಪೆಕ್ಟರು ಟೋಪಿ ಕೈಯಲ್ಲಿ ಹಿಡಿದು ಓಡಿ ಬಂದರು.

"ಏನಮ್ಮಾ ಇದು! ಒಳಗಿಡು!"

"ಮುಗ್ಗಲು ವಾಸನೆ ಸಾರ್. ಗಾಳಿಗೆ ಹಾಕಿದೀನಿ."

"ಜೇಬು ಬಿಚ್ಚಿಕೊಡು, ಹೋಗ್ತೀನಿ."

"ಅವರು ಹೊಲಿದದ್ದು ಸಾರ್. ನನ್ನ ಕೈಲಿ ಬಿಚ್ಚೋಕಾಗಲ್ಲ."

ಇನ್ಸ್‌ಪೆಕ್ಟರು ಅವಳ ಮುಖ ನೋಡಿದರು. ಬೀದಿಯ ಕಡೆ ನೋಡಿದರು. ಆಗಲೇ ನಾಲ್ಕು ಜನ ಸೇರಿದ್ದರು.

"ಅಂಗಡಿ ಎತ್ತಬೇಕಾ ಸಾರ್?"

"ಯಾರಮ್ಮ ಹಾಗಂದಿದ್ದು?" ಎಂದು ಅಂಗಿ ಕಿತ್ತುಕೊಂಡು, ಮುದುಡಿ ಎಡಗಂಕುಳಲ್ಲೇ ಇರುಕಿಕೊಂಡು ನಡೆದರು.

ಅಂಗಡಿ ಉಳಿಯಿತು. ಈಗ ಮೆಷಿನ್ ಅವಳದು. ಕಾಲು ಗಿಡ್ಡ, ಸ್ಟೂಲು ಮುಂದಕ್ಕೆ ಎಳೆದುಕೊಳ್ಳಬೇಕು. ದಿನಾ ಬೆಳಿಗ್ಗೆ ಮೆಷಿನ್ನಿಗೆ ನಾಲ್ಕು ಹನಿ ಎಣ್ಣೆ ಬಿಡುತ್ತಾಳೆ. ಎಣ್ಣೆಯ ಕಲೆ ಗಿರಾಕಿ ಬಟ್ಟೆಗೆ ಹತ್ತಬಾರದು. ಅದಕ್ಕೆ ಮೊದಲು ಒಂದು ಹಳೆ ಚಿಂದಿಯ ಮೇಲೆ ಉದ್ದಕ್ಕೆ ಹೊಲಿಗೆ ಓಡಿಸುತ್ತಾಳೆ. ದಾರ ಎಣ್ಣೆಯಿಲ್ಲದೆ ಒಣಗಿ ಬರುವವರೆಗೆ.