ನಮ್ಮತ್ತೆಯ ಜೊತೆ ಜಿಂಜಾದಿಂದ ಹೊನ್ನಾಳಿಗೆ

ಮುದ್ದೆ ಗಂಟಲಲ್ಲಿ ನಿಂತಿತು.

ಅವತ್ತು ಭಾನುವಾರ. ಮೂವರೂ ಊಟಕ್ಕೆ ಕೂತಿದ್ದೆವು. ನಮ್ಮತ್ತೆ ಹಾಲಮ್ಮ ಒಂದು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟರು. ಅದು ಒಳಗೆ ಇಳಿಯಲಿಲ್ಲ. ಕೆಮ್ಮಿದರು. ಕಣ್ಣು ಕೆಂಪಾದವು. ನೀರು ಕುಡಿಸಿದರೆ ಅದು ಮೂಗಿನಿಂದ ವಾಪಸ್ ಬಂತು. ಹುಟ್ಟಿದಾಗಿನಿಂದ ಮುದ್ದೆ ನುಂಗಿದ ಗಂಟಲು ಅದು.

"ಏನಿಲ್ಲ ಕಣೆ ರೇಣು, ನೆತ್ತಿಗೆ ಹತ್ತಿತು. ಊರಾಗೆ ಯಾರೋ ನೆನೆಸ್ಕಂಡಿರಬೇಕು," ಅಂದರು.

ನಾವೂ ನಕ್ಕೆವು.

ಆಗ ನಾವಿದ್ದದ್ದು ಉಗಾಂಡದ ಜಿಂಜಾ ಎಂಬ ಊರಿನಲ್ಲಿ. ದೊಡ್ಡ ಸರೋವರದಿಂದ ನೈಲ್ ನದಿ ಹೊರಡುವ ಜಾಗ ಅದು. ನನ್ನ ಗಂಡ ರುದ್ರೇಶ ಅಲ್ಲಿನ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಾರೆ. ನಮಗೆ ಮಕ್ಕಳಿಲ್ಲ. ಮಾವ ತೀರಿಕೊಂಡ ಮೇಲೆ ಅತ್ತೆಯನ್ನು ಹೊನ್ನಾಳಿಯಿಂದ ನಮ್ಮ ಜೊತೆಗೇ ಕರೆದುಕೊಂಡು ಹೋಗಿದ್ದೆವು. ಪಾಸ್‌ಪೋರ್ಟಿನ ಫೋಟೊ ತೆಗೆಸುವಾಗಲೇ ಅವರು ಹೊಸ ಸೀರೆ ಉಟ್ಟು, ಸ್ಟುಡಿಯೋದವನಿಗೆ "ಚೆಂದಾಗಿ ತೆಗಿಯಪ್ಪ, ಫಾರಿನ್ನಿನೋರು ನೋಡ್ತಾರೆ" ಅಂದಿದ್ದರು. ಅತ್ತೆ-ಸೊಸೆ ಅಂದರೆ ಜನ ಏನೇನೋ ಹೇಳುತ್ತಾರೆ. ಮಕ್ಕಳಾಗಲಿಲ್ಲ ಎಂದು ಒಂದು ದಿನವೂ ನನ್ನನ್ನು ಚುಚ್ಚದ ಹೆಂಗಸು ಅವರು. ನನಗೆ ಅಷ್ಟು ಸಾಕಿತ್ತು.

ಜಿಂಜಾದಲ್ಲಿ ಅವರಿಗೆ ಗೊತ್ತಿದ್ದದ್ದು ಕನ್ನಡ ಒಂದೇ. ಅದರಲ್ಲೇ ಎಲ್ಲವನ್ನೂ ನಡೆಸಿದರು. ಬಾಡಿಗೆ ಬೈಕಿನ ಹಿಂದೆ ಸೀರೆ ಸೆರಗು ಸುತ್ತಿಕೊಂಡು ಒಂದು ಪಕ್ಕಕ್ಕೆ ಕೂತು ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಟೊಮೆಟೊ ಮಾರುವವಳ ಎದುರು ನಿಂತು "ಏನವ್ವ, ಹಿಂಗೆ ರೇಟ್ ಹೇಳಿದ್ರೆ ನಾವು ಉಣ್ಣಾದು ಹೆಂಗೆ?" ಎಂದು ಕೈ ತಿರುಗಿಸುತ್ತಿದ್ದರು. ಅವಳು ಬಿದ್ದು ಬಿದ್ದು ನಕ್ಕು, ಎರಡು ಹಣ್ಣು ಹೆಚ್ಚಿಗೆ ಹಾಕುತ್ತಿದ್ದಳು. ಇಡೀ ಮಾರ್ಕೆಟ್ಟು ಅವರನ್ನು 'ಜಜ್ಜಾ' ಎನ್ನುತ್ತಿತ್ತು. ಅಲ್ಲಿನ ಮಾತಿನಲ್ಲಿ ಅಜ್ಜಿ ಎಂದರ್ಥ. ಅಲ್ಲಿ ರಾಗಿ ಬೆಳೆಯುತ್ತಾರೆಂದು ಕಂಡುಹಿಡಿದವರೂ ಅವರೇ. ಪಕ್ಕದ ಮನೆಯ ಗ್ರೇಸ್ ಒಂದು ದಿನ ರಾಗಿ ಹಿಟ್ಟನ್ನು ಬಿಸಿನೀರಿನಲ್ಲಿ ತಿರುವಿ ಉಂಡೆ ಮಾಡುವುದನ್ನು ನೋಡಿ ಅತ್ತೆ ಕೂಗಿಕೊಂಡೇ ಓಡಿ ಬಂದರು. "ರೇಣೂ, ಇವ್ರೂ ಮುದ್ದೆ ಉಣ್ತಾರೆ ಕಣೇ! ನಮ್ಮೋರೇ!"

ನಾನು ಜಗಳೂರಿನವಳು. ನಮ್ಮ ಕಡೆ ತುಂಬಿದ ಹೊಳೆ ನೋಡಲು ಸಿಗುವುದಿಲ್ಲ. ನೀರು ಅಂದರೆ ನನಗೆ ಹೆದರಿಕೆ. ಅವರು ತುಂಗಭದ್ರೆಯ ದಂಡೆಯವರು. ನೈಲ್ ಹುಟ್ಟುವ ಜಾಗಕ್ಕೆ ದೋಣಿಯಲ್ಲಿ ಹೋದಾಗ ನಾನು ನಡುವಿನಲ್ಲಿ ಕಂಬ ಹಿಡಿದು ಕೂತರೆ ಅವರು ಮುಂತುದಿಯಲ್ಲಿ ಕಾಲು ಇಳಿಬಿಟ್ಟಿದ್ದರು.

"ಈ ನೀರು ಎಲ್ಲಿಗೆ ಹೋಗ್ತೈತೋ ರುದ್ರಾ?"

"ಈಜಿಪ್ಟಿಗೆ ಅವ್ವ. ತಿಂಗಳುಗಟ್ಲೆ ಹಿಡಿತೈತಂತೆ."

"ಅಷ್ಟು ದೂರ ಹೋಗಾಕೆ ಒಂದು ಚೂರಾದ್ರೂ ಅವಸರ ಮಾಡ್ತೈತಾ ನೋಡು," ಅಂದರು.

ಇನ್ನೊಮ್ಮೆ ಕಾಡುಪ್ರಾಣಿ ನೋಡಲು ಉತ್ತರದ ಕಡೆ ಹೊರಟಿದ್ದೆವು. ಮಳೆ ಬಂದು ನಮ್ಮ ಕಾರು ಕೆಂಪು ಕೆಸರಿನಲ್ಲಿ ಹೂತುಹೋಯಿತು. ಹತ್ತಿರದ ಹಳ್ಳಿಯವರು ಬಂದು ತಳ್ಳಿದರು. ಅತ್ತೆ ಡಿಕ್ಕಿಯಿಂದ ಡಬ್ಬಿ ತೆಗೆದು, ಊರಿನಿಂದ ತಂದಿದ್ದ ಮಂಡಕ್ಕಿಗೆ ಈರುಳ್ಳಿ, ಖಾರದಪುಡಿ, ಎಣ್ಣೆ ಹಾಕಿ ಕಲಸಿ, ಪೇಪರ್ ಹರಿದು ಎಲ್ಲರಿಗೂ ಹಂಚಿದರು. ಖಾರಕ್ಕೆ ಒಬ್ಬ ಕುಣಿದೇಬಿಟ್ಟ. ಆ ವಿಡಿಯೋ ನನ್ನ ಫೋನಿನಲ್ಲಿದೆ. ಅತ್ತೆಯ ನಗು ಅದರಲ್ಲಿ ಎಲ್ಲರಿಗಿಂತ ಜೋರು.

ಮುದ್ದೆ ಸಿಕ್ಕಿಕೊಂಡ ಕೆಲವು ವಾರಗಳಿಗೆ ಮಾತು ತೊದಲತೊಡಗಿತು. ರುದ್ರೇಶ ಎಂಬ ಹೆಸರು 'ಉದ್ದೇಸ' ಆಯಿತು. ನನ್ನ ಗಂಡ ಮೊದಲು ತಮಾಷೆ ಮಾಡಿದರು. "ಯಾವ ಉದ್ದೇಶ ಅವ್ವ?" ಅತ್ತೆಯೂ ನಕ್ಕರು. ಮತ್ತೆ ಹೇಳಲು ನೋಡಿದರು. ಮತ್ತೆ 'ಉದ್ದೇಸ'.

ಮೂರನೆಯ ಸಲ ಯಾರೂ ನಗಲಿಲ್ಲ.

ಕಂಪಾಲಾದ ಡಾಕ್ಟರು ಸ್ಟ್ರೋಕ್ ಇರಬಹುದು ಎಂದು ಎಂಆರ್‌ಐ ಮಾಡಿಸಿದರು. ಅದರಲ್ಲಿ ಏನೂ ಇರಲಿಲ್ಲ. "ನಿಮ್ಮ ದೇಶಕ್ಕೆ ಕರೆದುಕೊಂಡು ಹೋಗಿ ನರದ ಪರೀಕ್ಷೆ ಮಾಡಿಸಿ," ಅಂದರು. ಏನೂ ಇಲ್ಲ ಅಂದದ್ದಕ್ಕೆ ನಾವು ಖುಷಿಪಟ್ಟಿದ್ದೆವು. ಗ್ರೇಸ್ ಕೈಗೆ ಮನೆ ಕೀಲಿ ಕೊಟ್ಟು, ಬೇಗ ಬರುತ್ತೇವೆ ಎಂದು ಹೊರಟೆವು. ಅತ್ತೆ ತಮ್ಮ ಚಪ್ಪಲಿಯನ್ನೂ ಅಲ್ಲೇ ಬಾಗಿಲ ಬಳಿ ಬಿಟ್ಟು ಬಂದರು.

ದಾವಣಗೆರೆಯ ನ್ಯೂರಾಲಜಿಸ್ಟ್ ಮೊದಲು ತೋರಿಸಲು ಹೇಳಿದ್ದು ನಾಲಿಗೆಯನ್ನು. ಅತ್ತೆ ನಾಲಿಗೆ ಚಾಚಲು ನೋಡಿದರು. ಅದು ಹಲ್ಲಿನಾಚೆ ಬರಲಿಲ್ಲ. ಬಾಯೊಳಗೆ ಇದ್ದಲ್ಲೇ ಸಣ್ಣಗೆ ಅದುರುತ್ತಿತ್ತು, ನೀರಿನ ಮೇಲೆ ಗಾಳಿ ಆಡಿದ ಹಾಗೆ. ಡಾಕ್ಟರು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಇಎಂಜಿ, ಎನ್‌ಸಿವಿ. ಕೈಕಾಲಿಗೆ ಸೂಜಿ ಚುಚ್ಚುವ, ಕರೆಂಟ್ ಕೊಡುವ ಪರೀಕ್ಷೆಗಳು. ಅತ್ತೆ ಒಮ್ಮೆಯೂ ಅಯ್ಯೋ ಅನ್ನಲಿಲ್ಲ.

"ಮೋಟಾರ್ ನ್ಯೂರಾನ್ ಡಿಸೀಸ್ ಅಂತಾರಮ್ಮ. ಸ್ನಾಯುಗಳನ್ನ ಆಡಿಸೋ ನರಗಳು ಒಂದೊಂದಾಗಿ ಸಾಯ್ತಾ ಹೋಗ್ತವೆ. ಇವರಿಗೆ ಬಾಯಿ, ಗಂಟಲಿನಿಂದ ಶುರುವಾಗಿದೆ. ಆಮೇಲೆ ಕೈಕಾಲು. ಕೊನೆಗೆ ಉಸಿರು."

"ಔಷಧಿ?" ಅಂದರು ನನ್ನ ಗಂಡ.

"ಸ್ವಲ್ಪ ನಿಧಾನ ಮಾಡೋ ಮಾತ್ರೆ ಇದೆ. ವಾಸಿ ಮಾಡೋದು ಇಲ್ಲ."

ಅತ್ತೆ ಡಾಕ್ಟರನ್ನು ಏನೋ ಕೇಳಿದರು. ಅವರಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಕೇಳಿದರು. ಅವರು ನನ್ನ ಮುಖ ನೋಡಿದರು.

"ಉಗಾಂಡಕ್ಕೆ ಯಾವಾಗ ಹೋಗಬಹುದು ಅಂತ ಕೇಳ್ತಿದಾರೆ," ಅಂದೆ.

ಅವತ್ತಿನಿಂದ ನಾನು ಅವರ ನಾಲಿಗೆಯಾದೆ. ಭಾಷೆಯೇ ಬಾರದ ದೇಶದಲ್ಲಿ ಎಲ್ಲರಿಗೂ ಅರ್ಥವಾಗಿದ್ದ ನಮ್ಮತ್ತೆ, ಹುಟ್ಟಿ ಬೆಳೆದ ಸೀಮೆಯಲ್ಲಿ ಯಾರಿಗೂ ಅರ್ಥವಾಗದವರಾದರು. ಹೊನ್ನಾಳಿಯ ಸಂತೆಯಲ್ಲಿ ಸೊಪ್ಪಿನವಳು "ಏನಂತಾರೆ ಇವ್ರು?" ಎಂದು ನನ್ನನ್ನು ಕೇಳಿದಳು. ಅತ್ತೆ ಸೊಪ್ಪನ್ನು ಕೆಳಗಿಟ್ಟರು. ಆಮೇಲೆ ಸಂತೆಗೆ ಬರಲಿಲ್ಲ.

ರುದ್ರೇಶ ರಜೆ ಮುಗಿಸಿ ವಾಪಸ್ ಹೋಗಬೇಕಾಯಿತು. ಬಸ್ ಸ್ಟ್ಯಾಂಡಿನವರೆಗೂ ಅತ್ತೆ ಬಂದರು. ಬಸ್ಸು ತಿರುಗಿದ ಮೇಲೂ ಕೈ ಎತ್ತಿಯೇ ನಿಂತಿದ್ದರು. ಮನೆಯಲ್ಲಿ ನಾವಿಬ್ಬರೇ ಉಳಿದೆವು.

ನ್ಯಾಮತಿಯಿಂದ ಅವರ ತಮ್ಮ ಬಸಣ್ಣ ಮಾವ ಬಂದರು. ಕಾಯಿಲೆಯ ಸುದ್ದಿ ತಡವಾಗಿ ತಿಳಿದಿತ್ತು. ಅಕ್ಕನ ಕಾಲ ಬಳಿ ಕೂತು "ಯಕ್ಕಾ, ಏನಾತೇ ನಿಂಗೆ" ಎಂದು ಅಳತೊಡಗಿದರು. ಅತ್ತೆ ನಕ್ಕರು. ಸಣ್ಣ ನಗುವಲ್ಲ. ಮೈ ಕುಲುಕಿ, ಜೊಲ್ಲು ಸುರಿದು, ನಿಲ್ಲಿಸಲಾಗದ ನಗು. ಕಣ್ಣಲ್ಲಿ ಮಾತ್ರ ಗಾಬರಿ ಇತ್ತು. ಮಾವ ಟವೆಲ್ ಹೆಗಲಿಗೆ ಹಾಕಿ ಎದ್ದು ಹೊರಟೇಬಿಟ್ಟರು.

ನಾನು ಬರಿಗಾಲಲ್ಲಿ ಬೀದಿ ತಿರುವಿನವರೆಗೂ ಓಡಿದೆ. "ಮಾವ, ಅದು ಅವ್ರ ನಗು ಅಲ್ರಿ. ಕಾಯಿಲೆ ನಗಿಸ್ತೈತೆ. ಒಳಗೆ ಅಳಾಕತ್ತಿರ್ತಾರೆ, ಹೊರಗೆ ನಗು ಬರ್ತೈತೆ. ಡಾಕ್ಟ್ರೇ ಹೇಳಿದಾರೆ."

"ನನ್ನ ಮಕ ನೋಡಿ ನಗ್ತಾಳಲ್ಲವ್ವ ನಮ್ಮಕ್ಕ," ಅಂದರು. ಮುಂದಿನ ಬಸ್ಸಿಗೆ ಹೋದರು.

ಮುಂದಿನ ವಾರ ತಾವಾಗಿಯೇ ಬಂದರು. ಅಕ್ಕನ ತಲೆಗೆ ಎಣ್ಣೆ ಹಚ್ಚಿ, ಬಾಚಿ, ಗಂಟು ಕಟ್ಟಲು ಬಾರದೆ ನನ್ನನ್ನು ಕರೆದರು. ಅತ್ತೆಗೆ ಮತ್ತೆ ನಗು ಬಂತು. ಈ ಸಲ ಮಾವನೂ ಜೊತೆಗೆ ನಕ್ಕರು. ಇಬ್ಬರ ಕಣ್ಣಲ್ಲೂ ನೀರಿತ್ತು.

ಊಟ ಅಂದರೆ ಯುದ್ಧವಾಯಿತು. ಗಂಜಿಯೂ ಗಂಟಲಲ್ಲಿ ಸಿಕ್ಕಿಕೊಳ್ಳತೊಡಗಿದಾಗ ಹೊಟ್ಟೆಗೆ ನೇರವಾಗಿ ಟ್ಯೂಬ್ ಹಾಕಿಸಿದೆವು. ಅದಕ್ಕೆ ಪೆಗ್ ಅನ್ನುತ್ತಾರೆ. ತೆಳುವಾಗಿ ಸೋಸಿದ ರಾಗಿ ಗಂಜಿಯನ್ನು ಸಿರಿಂಜಿನಲ್ಲಿ ಬಿಡುತ್ತಿದ್ದೆ. ಹೊಟ್ಟೆ ತುಂಬುತ್ತಿತ್ತು. ಆದರೆ ಅಡುಗೆಮನೆಯಿಂದ ಒಗ್ಗರಣೆ ವಾಸನೆ ಬಂದರೆ ಅವರ ತಲೆ ಆ ಕಡೆ ತಿರುಗುತ್ತಿತ್ತು. ನಾನು ಬೆರಳ ತುದಿಯನ್ನು ಸಾರಿನಲ್ಲಿ ಅದ್ದಿ ನಾಲಿಗೆಗೆ ಸವರುತ್ತಿದ್ದೆ. ಒಂದೇ ಹನಿ. ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಅದನ್ನೇ ಸವಿಯುತ್ತಿದ್ದರು. ಆಮೇಲೆ ಒಂದು ಹುಬ್ಬು ಮೇಲೆತ್ತುತ್ತಿದ್ದರು. ಉಪ್ಪು ಕಡಿಮೆ ಎಂದರ್ಥ.

ಮಾತು ಪೂರ್ತಿ ನಿಂತ ಮೇಲೆ ನಮಗೆ ಉಳಿದದ್ದು ಕಣ್ಣು. ಮೇಲೆ ನೋಡಿದರೆ ಹೌದು. ಮುಚ್ಚಿದರೆ ಬೇಡ. ಸಂಜೆ ಹೊತ್ತು ಉಗಾಂಡದ ವಿಡಿಯೋಗಳನ್ನು ಹಾಕುತ್ತಿದ್ದೆ. ದೋಣಿ, ಆನೆ, ಮಂಡಕ್ಕಿ. ಒಂದು ದಿನ ಅವರದೇ ದನಿ ಫೋನಿನಿಂದ ಬರುತ್ತಿರುವಾಗ ಅವರು ನನ್ನ ಕಡೆ ತಿರುಗಿ ಕಣ್ಣು ಗಟ್ಟಿಯಾಗಿ ಮುಚ್ಚಿದರು. ಬೇಡ. ಮತ್ತೆ ಹಾಕಲಿಲ್ಲ.

ಜಗಳೂರಿನಿಂದ ನಮ್ಮವ್ವ ಬಂದು ಕೆಲವು ದಿನ ಇದ್ದಳು. "ಕನ್ನಡಿ ನೋಡ್ಕಳೇ, ಹೆಂಗಾಗಿದಿ," ಅಂದಳು. ನೋಡಿಕೊಂಡೆ. ಅತ್ತೆಗೆ ಸ್ನಾನ ಮಾಡಿಸುತ್ತಿದ್ದೆ, ನಾನು ಮಾಡುವುದನ್ನು ಮರೆಯುತ್ತಿದ್ದೆ. ಸಕ್ಷನ್ ಮೆಷಿನ್ನಿನಲ್ಲಿ ಅವರ ಜೊಲ್ಲು ತೆಗೆದ ಮೇಲೆ ನನ್ನ ಬಾಯಿಗೂ ಊಟ ಸೇರುತ್ತಿರಲಿಲ್ಲ. ಒಮ್ಮೊಮ್ಮೆ ಹಿತ್ತಲಿಗೆ ಹೋಗಿ ಸುಮ್ಮನೆ ನಿಲ್ಲುತ್ತಿದ್ದೆ. ಅಳುವುದಕ್ಕೂ ಪುರುಸೊತ್ತು ಬೇಕು.

ರುದ್ರೇಶ ಎರಡನೆಯ ಸಲ ಬಂದಾಗ ಅತ್ತೆಯ ಕೈಗಳೂ ಬಿದ್ದುಹೋಗಿದ್ದವು. "ಎಲ್ಲಿಗಾದ್ರೂ ಹೋಗಾಣೇನವ್ವ?" ಅಂದರು. ಅತ್ತೆಯ ಕಣ್ಣು ಮೇಲೆ ಹೋಯಿತು. ಒಂದೊಂದೇ ಊರು ಹೇಳುತ್ತಾ ಹೋದರು. ಸೂಳೆಕೆರೆ ಅಂದಾಗ ಕಣ್ಣು ಮತ್ತೆ ಮೇಲೆ ಹೋಯಿತು. ಕಾರಿನ ಸೀಟು ಹಿಂದಕ್ಕೆ ಒರಗಿಸಿ, ದಿಂಬಿಟ್ಟು, ಸಕ್ಷನ್ ಮೆಷಿನ್ ಇಟ್ಟುಕೊಂಡು ಚನ್ನಗಿರಿ ದಾರಿ ಹಿಡಿದೆವು. ಏರಿಯ ಮೇಲೆ ವೀಲ್‌ಚೇರಿನಲ್ಲಿ ಕೂರಿಸಿ ನೀರಿಗೆ ಮುಖ ಮಾಡಿದೆವು. ಕೆರೆ ತುಂಬಿತ್ತು. ದೂರದಲ್ಲಿ ಮೀನು ಹಿಡಿಯುವವರ ತೆಪ್ಪಗಳಿದ್ದವು. ಅತ್ತೆ ಚಿಕ್ಕವರಿದ್ದಾಗ ನ್ಯಾಮತಿಯಿಂದ ಗಾಡಿಯಲ್ಲಿ ಬಂದು ಈ ಕೆರೆ ನೋಡಿ, ಇದಕ್ಕೆ ಆಚೆ ದಡವೇ ಇಲ್ಲ ಎಂದುಕೊಂಡಿದ್ದರಂತೆ.

ಅತ್ತೆಯ ಗಂಟಲಲ್ಲಿ ಏನೋ ಸದ್ದಾಯಿತು.

"ಏನಂತೆ?" ಅಂದರು ರುದ್ರೇಶ.

ನಾನು ಅವರ ಮುಖ ನೋಡಿದೆ. ಆ ಕಡೆ ದಡ ನೋಡಿದರು, ನನ್ನನ್ನು ನೋಡಿದರು, ಒಂದು ಹುಬ್ಬು ಎತ್ತಿದರು. "ಕೆರೆ ಸಣ್ಣದಾಗೈತೆ ಅಂತಾರೆ," ಅಂದೆ.

ಕಣ್ಣು ಮೇಲೆ ಹೋಯಿತು. ಹೌದು. ಅವರಿಗೆ ನಗು ಹತ್ತಿತು. ಅಷ್ಟು ದೊಡ್ಡ ಸರೋವರ ನೋಡಿ ಬಂದವರಲ್ಲವೇ. ನನ್ನ ಗಂಡ ವೀಲ್‌ಚೇರಿನ ಹಿಡಿಕೆಗೆ ಹಣೆ ಹಚ್ಚಿ, ಚಿಕ್ಕ ಹುಡುಗನ ಹಾಗೆ ಅತ್ತರು.

ಆಮೇಲೆ ಉಸಿರು. ಮೂಗಿಗೆ ಮಾಸ್ಕ್ ಕಟ್ಟಿ ಗಾಳಿಯನ್ನು ಒಳಗೆ ತಳ್ಳುವ ಬೈಪ್ಯಾಪ್ ಮೆಷಿನ್ ತಂದೆವು. ಮೊದಮೊದಲು ಮಾಸ್ಕ್ ಕಂಡರೆ ಗಾಬರಿಯಾಗುತ್ತಿದ್ದರು. ಪಟ್ಟಿ ಬಿಗಿಯಾದರೆ ಮೂಗಿನ ಮೇಲೆ ಗಾಯ, ಸಡಿಲವಾದರೆ ಗಾಳಿ ಕಣ್ಣಿಗೆ. ನಾನೇ ಕಟ್ಟಿಕೊಂಡು ನೋಡಿ ನೋಡಿ ಕಲಿತೆ.

ಒಂದು ಬೆಳಿಗ್ಗೆ ಜ್ವರ ಬಂತು. ದಾವಣಗೆರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ತುಟಿ ನೀಲಿಯಾಗಿತ್ತು. ನ್ಯುಮೋನಿಯಾ.

"ವೆಂಟಿಲೇಟರ್ ಹಾಕಬೇಕಾಗುತ್ತೆ. ಹಾಕಿದ್ರೆ ಮತ್ತೆ ತೆಗೆಯೋಕೆ ಆಗದೇ ಇರಬಹುದು. ಏನ್ ಮಾಡ್ತೀರಿ?" ಅಂದರು ಡಾಕ್ಟರು.

ವಿಡಿಯೋ ಕಾಲ್‌ನಲ್ಲಿ ರುದ್ರೇಶ ಇದ್ದರು. "ಅವ್ವನ್ನೇ ಕೇಳು," ಅಂದರು. ಕೇಳಿದೆ. ಅತ್ತೆ ಫೋನಿನಲ್ಲಿ ಮಗನ ಮುಖವನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

ಕಣ್ಣು ಮುಚ್ಚಿದರು. ಬೇಡ.

ರುದ್ರೇಶ ಸಿಕ್ಕ ಮೊದಲ ವಿಮಾನ ಹತ್ತಿದರು. ಅವರ ಫೋನು ಬಂದ್ ಆಗಿತ್ತು. ಮಾರನೆಯ ದಿನ ಹೊತ್ತೇರುವ ಸಮಯಕ್ಕೆ, ಬಸಣ್ಣ ಮಾವ ಕಾಲು ಹಿಡಿದು ಕೂತಿರುವಾಗ, ನನ್ನ ಅಂಗೈಯೊಳಗೆ ಅತ್ತೆಯ ಅಂಗೈ ತಣ್ಣಗಾಯಿತು. ನಾನು ಫೋನ್ ಹಿಡಿದು ಕಾರಿಡಾರಿನಲ್ಲಿ ಕೂತೆ. ವಿಮಾನ ಬೆಂಗಳೂರಲ್ಲಿ ಇಳಿದ ಮೇಲೆ ಫೋನ್ ಬಂತು.

"ಅವ್ವ ಹೆಂಗದಾಳೆ?"

"ಬನ್ನಿ," ಅಂದೆ.



ಹೊನ್ನಾಳಿಯಲ್ಲಿ ರುದ್ರೇಶರ ಅಪ್ಪನ ಸಮಾಧಿಯ ಪಕ್ಕದಲ್ಲೇ ಮಣ್ಣು ಮಾಡಿದೆವು. ವಿಷಯ ತಿಳಿಸಲು ಗ್ರೇಸ್‌ಗೆ ಫೋನ್ ಮಾಡಿದಾಗ ಅವಳು ತನ್ನ ಭಾಷೆಯಲ್ಲಿ ಏನೇನೋ ಹೇಳುತ್ತಾ ಅತ್ತಳು. ಒಂದು ಪದವೂ ತಿಳಿಯಲಿಲ್ಲ. ಜಜ್ಜಾ ಎನ್ನುವುದೊಂದು ಬಿಟ್ಟು.

ಮನೆ ಖಾಲಿಯಾದ ಮೇಲೆ ಕೈಗೆ ಕೆಲಸವಿಲ್ಲದೆ ಹುಚ್ಚು ಹಿಡಿದ ಹಾಗಾಯಿತು. ಗಂಜಿ ಕಾಯಿಸುವ ಹೊತ್ತಿಗೆ ಎದ್ದು ನಿಲ್ಲುತ್ತಿದ್ದೆ. ಆಗ ಅತ್ತೆಗೆ ವ್ಯಾಯಾಮ ಮಾಡಿಸುತ್ತಿದ್ದ ಫಿಸಿಯೋಥೆರಪಿಸ್ಟ್ ಫೋನ್ ಮಾಡಿದರು. ಕೆರೆಬಿಳಚಿಯಲ್ಲಿ ಟ್ರ್ಯಾಕ್ಟರ್ ಓಡಿಸುವ ಒಬ್ಬರಿಗೆ ಇದೇ ಕಾಯಿಲೆ, ಉಸಿರು ಸಾಲುತ್ತಿಲ್ಲ, ನಿಮ್ಮ ಮೆಷಿನ್ ಕೊಡುತ್ತೀರಾ ಎಂದು ಕೇಳಿದರು. ಮೆಷಿನ್ ಕೊಟ್ಟು ಕಳಿಸಬಹುದಿತ್ತು. ಮಾಸ್ಕ್ ಕಟ್ಟುವುದನ್ನು ಯಾರು ಹೇಳಿಕೊಡುತ್ತಾರೆ? ರುದ್ರೇಶರ ಜೊತೆ ನಾನೇ ಹೋದೆ.

ಆತನಿಗೆ ಮೂವತ್ತೈದು ದಾಟಿರಬಹುದು. ತೋಳು ಕಡ್ಡಿಯಾಗಿದ್ದವು. ಮಾತು ತೊದಲುತ್ತಿತ್ತು, ಆದರೆ ಇತ್ತು. ಹೆಂಡತಿ ಇನ್ನೂ ಚಿಕ್ಕವಳು. ಮೂಗಿನ ಮೇಲೆ ಹತ್ತಿ ಇಡುವುದು, ಪಟ್ಟಿ ಎಳೆಯುವುದು, ಗಾಳಿ ಸೋರುತ್ತದೆಯೇ ಎಂದು ಕೆನ್ನೆಯ ಹತ್ತಿರ ಕೈಯಿಟ್ಟು ನೋಡುವುದು, ಎಲ್ಲ ತೋರಿಸಿದೆ. ಅವಳು ಪಟ್ಟಿಗೆ ಕೈ ಹಾಕಿದಳು. ನನ್ನ ಕೈಯನ್ನು ಅವಳ ಕೈಯ ಮೇಲೆ ಇಟ್ಟೆ. ಆತನ ಎದೆ ನಿಧಾನವಾಗಿ ಏರಿತು, ಇಳಿಯಿತು.

ಹೊರಗೆ ಬಂದಾಗ ಅವಳು ಕೇಳಿದಳು. "ಅಕ್ಕ, ಇವ್ರು ಹುಷಾರಾಗ್ತಾರೇನ್ರಿ?"

ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

"ಇಲ್ಲ ಕಣಮ್ಮ. ಆದ್ರೆ ಇನ್ನೂ ಮಾತಾಡ್ತಾರಲ್ಲ. ಕೆಲ್ಸ ಎಲ್ಲಾ ಆಮೇಲೆ ಇರ್ಲಿ. ಹತ್ರ ಕುಂತು ಮಾತಾಡ್ಸು. ಎಲ್ಲಿಗೆ ಹೋಗಬೇಕು ಅಂತಾರೋ ಕರ್ಕಂಡು ಹೋಗು."

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಾನೂ ಅತ್ತುಬಿಟ್ಟೆ. ಇಷ್ಟು ದಿನ ಬಾರದಿದ್ದ ಅಳು ಆ ಗುರುತಿಲ್ಲದ ಮನೆಯ ಕಟ್ಟೆಯ ಮೇಲೆ ಬಂತು. ರುದ್ರೇಶ ಕಾರಿನ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದರು.

ಒಳಗಿಂದ ಆತ ಮಾಸ್ಕಿನಲ್ಲೇ ಏನೋ ಕೂಗಿದ. ಅವನ ಹೆಂಡತಿ ತಲೆಯೆತ್ತಿದಳು, "ಏನಂದ್ರೋ ತಿಳೀಲಿಲ್ಲ" ಅಂದಳು.

ನನಗೆ ತಿಳಿದಿತ್ತು.

"ಬಂದೋರಿಗೆ ಚಾ ಕೊಟ್ಯೇನು ಅಂತ ಕೇಳ್ತಿದಾರೆ ಕಣಮ್ಮ," ಅಂದೆ.

ಅವಳು ಕಣ್ಣೊರೆಸಿಕೊಂಡು ಎದ್ದಳು. ನಾನು ಒಳಗೆ ಹೋಗಿ ಆತನ ಪಕ್ಕ ಕೂತೆ, ಚಾ ಆಗುವವರೆಗೂ.