ಅಮಾವಾಸ್ಯೆಗೆ ಮಗ್ಗವಿಲ್ಲ

ಅವಳು ಬಸ್ಸಿನಿಂದ ಸರಿಯಾದ ಜಾಗದಲ್ಲೇ ಇಳಿದಳು. ಹಿಂದೆಯೇ ಸ್ಕೂಟರಿನಲ್ಲಿ ಬಂದಿದ್ದ ನಾನು ಕಣ್ಣಾರೆ ನೋಡಿದೆ. ಎರಡೂ ಕಡೆ ನೋಡಿ ರಸ್ತೆ ದಾಟಿ, ಕೊಳ್ಳೇಗಾಲದ ನೇಕಾರರ ಬೀದಿಗೆ ತಿರುಗಿದಳು. ನನಗೆ ಕುಣಿಯುವಷ್ಟು ಖುಷಿ. ಅಲ್ಲಿಂದಲೇ ಸ್ಕೂಟರ್ ತಿರುಗಿಸಿಬಿಟ್ಟೆ. ಇನ್ನೂ ನಲವತ್ತು ಹೆಜ್ಜೆ ಅವಳ ಹಿಂದೆ ಹೋಗಿದ್ದರೆ ಸಾಕಿತ್ತು.

ಹುಡುಗಿ ಅಗರದವಳು. ವಯಸ್ಸು ಹತ್ತೊಂಬತ್ತು, ಬುದ್ಧಿ ಸ್ವಲ್ಪ ನಿಧಾನ. ಶಾಲೆ ಇರುವ ತನಕ ಮೇಷ್ಟ್ರು, ಗೆಳತಿಯರು, ಬಿಸಿಯೂಟ ಎಲ್ಲ ಇತ್ತು. ಅದು ಮುಗಿದ ಮೇಲೆ ಬಾಗಿಲಲ್ಲಿ ಕೂತು ಬೇರೆ ಮಕ್ಕಳು ಶಾಲೆಗೆ ಹೋಗುವುದನ್ನು ನೋಡುವುದೇ ಕೆಲಸ. ಅಂಥ ಮಕ್ಕಳಿಗೆ ಕೆಲಸ ಹುಡುಕಿಕೊಡುತ್ತಾ ಊರೂರು ಸುತ್ತುವ ನಾನೋ ಯಾವ ತರಬೇತಿಯೂ ಇಲ್ಲದವಳು. ಇಂಥವರನ್ನು ಕೆಲಸಕ್ಕೆ ಹಚ್ಚುವುದು ಹೇಗೆ ಅಂತ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಕಲಿತವಳು.

ರೇಷ್ಮೆ ಸೀರೆ ನೇಯುವ ಒಬ್ಬ ಅಕ್ಕ ಅವಳನ್ನು ಸೇರಿಸಿಕೊಳ್ಳಲು ಒಪ್ಪಿದರು. ಕಂಡಿಕೆ ಸುತ್ತುವುದು, ಅಂದರೆ ಲಾಳಿಯೊಳಗೆ ಕೂರುವ ಪುಟ್ಟ ಕಡ್ಡಿಗೆ ನೂಲು ಸುತ್ತಿಕೊಡುವುದು.

"ನನ್ ಮಗ್ಳಿಗಿಂತ ಬಿಗಿಯಾಗ್ ಸುತ್ತಾಳೆ ಕಣ್ರಿ. ಮಾತೂ ಕಮ್ಮಿ, ಅದೇ ಬೇಕಿದ್ದದ್ದು," ಎಂದು ನಕ್ಕರು.

ಹುಡುಗಿಯ ತಾಯಿಯದು ಒಂದೇ ಷರತ್ತು. "ಒಬ್ಳೇ ಓಗಿ ಒಬ್ಳೇ ಬಂದ್ರೆ ಕಳಿಸ್ತೀನಿ. ಕೂಲಿ ಬುಟ್ಟು ದಿನಾ ಜೊತೇಲ್ ಓಗಕ್ಕಾಗಲ್ಲ. ಒಂದ್ಸಲ ಎಚ್ಚುಕಮ್ಮಿ ಆಯ್ತಾ, ಮುಗೀತು ಕಣವ್ವ."

ಮೂರು ವಾರ ಜೊತೆಯಲ್ಲಿ ಓಡಾಡಿ ಕಲಿಸಿದೆ. ಯಾವ ಬಸ್ಸು, ಎಲ್ಲಿ ಇಳಿಯುವುದು, ಹೇಗೆ ದಾಟುವುದು. ಬಾಗಿಲು ಮುಚ್ಚಿದ್ದರೆ ಜಗುಲಿಯ ಮೇಲೆ ಕೂತಿರು, ಯಾರು ಕರೆದರೂ ಹೋಗಬೇಡ, ಅಕ್ಕ ಬಂದು ತೆಗೆಯುತ್ತಾರೆ. ಸಂಜೆ ಅಕ್ಕನೇ ಬಸ್ಸು ಹತ್ತಿಸುತ್ತಾರೆ. ಎಲ್ಲವನ್ನೂ ಮಗ್ಗಿಯಂತೆ ಒಪ್ಪಿಸುತ್ತಿದ್ದಳು.

ಅವಳನ್ನು ಮೊದಲ ಸಲ ಒಬ್ಬಳೇ ಕಳಿಸಿದ ದಿನ ಅಮಾವಾಸ್ಯೆ. ಅದು ನನಗೆ ಗೊತ್ತಿತ್ತು. ಬೆಟ್ಟದ ದೇವರಿಗೆ ಹೋಗುವವರಿಂದ ಬಸ್ಸು ತುಂಬಿರುತ್ತದೆ, ಆ ನೂಕಾಟದಲ್ಲೂ ಇಳಿದಳೆಂದರೆ ಗೆದ್ದಂತೆ ಎಂದು ಬೇಕೆಂದೇ ಆ ದಿನವನ್ನು ಆರಿಸಿದ್ದೆ. ಅಮಾವಾಸ್ಯೆಗೆ ಮಗ್ಗಕ್ಕೆ ರಜ ಅನ್ನುವುದು ಮಾತ್ರ ಗೊತ್ತಿರಲಿಲ್ಲ. ಆ ಬೀದಿಯಲ್ಲಿ ಅದು ಮಕ್ಕಳಿಗೂ ಗೊತ್ತು, ಹಾಗಾಗಿ ಯಾರೂ ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ. ಅಕ್ಕ ಬೀಗ ಹಾಕಿಕೊಂಡು ತವರಿಗೆ ಹೋಗಿದ್ದರು.

ಆ ಹೊತ್ತಿಗೆ ನಾನು ಹನೂರಿನ ಒಂದು ಮನೆಯಲ್ಲಿ, "ನಿಮ್ಮ ಮಗಳೂ ಹೀಗೇ ಹೋಗಬಹುದು" ಎಂದು ಹೇಳುತ್ತಾ ಕೂತಿದ್ದೆ. ಸಂಜೆ ಆರಕ್ಕೆ ತಾಯಿಯ ಫೋನ್ ಬಂತು. "ಕೂಸು ಬರ್ನಿಲ್ಲ ಕಣವ್ವ."

ನಾವಿಬ್ಬರೂ ಹೋದಾಗ ಅವಳು ಜಗುಲಿಯ ಮೇಲೇ ಇದ್ದಳು. ತೊಡೆಯ ಮೇಲೆ ಡಬ್ಬಿ, ಮುಚ್ಚಳ ಕೂಡ ತೆಗೆದಿರಲಿಲ್ಲ. ಕೆಲಸ ಆದ ಮೇಲೆ ಊಟ ಎಂದು ಕಲಿಸಿದವಳೂ ನಾನೇ.

ಎದುರು ಮನೆಯ ಅಜ್ಜಿ ರೇಗಿಕೊಂಡರು. "ಮಗ್ಗ ಇಲ್ಲ, ಊರ್ಗೋಗು ಅಂತ ಬೆಳಗಿಂದ ಬಡ್ಕತಾವ್ನಿ. ನೀರ್ ಕೊಟ್ರೂ ಮುಟ್ನಿಲ್ಲ. ಅಕ್ಕ ತೆಗೀತಾಳೆ ಅನ್ನೋದೊಂದೇಯ."

ಹುಡುಗಿ ನನ್ನನ್ನು ನೋಡಿ ನಕ್ಕಳು. "ನಾ ಯಾರ್ ಜೊತೇಲೂ ಓಗ್ನಿಲ್ಲ ಅಕ್ಕ."

ತಾಯಿ ಬಯ್ಯಲಿಲ್ಲ. ಮಗಳ ಸೆರಗಿನ ಧೂಳು ಕೊಡವುತ್ತಾ, "ಅವ್ಳೇನೂ ತಪ್ಪು ಮಾಡ್ನಿಲ್ಲ. ನೀ ಏಳ್ಕೊಟ್ಟಂಗೇ ಕುಂತವ್ಳೆ," ಎಂದರು. ಆಮೇಲೆ ಕಳಿಸಲಿಲ್ಲ. ನೇಯುವ ಅಕ್ಕ ತಾವೇ ಅಗರಕ್ಕೆ ಬಂದು ಕೇಳಿದರೂ ಒಪ್ಪಲಿಲ್ಲ.

ಹೋದ ತಿಂಗಳು ಹುಡುಗಿಯ ಮನೆಗೆ ಹೋಗಿದ್ದೆ. ಬೆಳಿಗ್ಗೆ ಎಂಟೂವರೆ. ಹುಡುಗಿ ತಲೆ ಬಾಚಿ, ಹೆಗಲಿಗೆ ಚೀಲ ಹಾಕಿ ನಿಂತಿದ್ದಳು. ಕೂಲಿಗೆ ಹೊರಟಿದ್ದ ತಾಯಿ ಬಾಗಿಲಲ್ಲೇ, "ಇವತ್ತು ಅಮಾಸೆ ಕಣ್ ಕೂಸು, ಮಗ್ಗ ಇಲ್ಲ," ಎಂದರು. ದಿನವೂ ಹೇಳಿ ರೂಢಿಯಾದ ದನಿ. ಹಿಂದಿನ ರಾತ್ರಿಯಷ್ಟೇ ನಾನು ತುಂಬು ಚಂದ್ರನನ್ನು ನೋಡಿದ್ದೆ.

ಹುಡುಗಿ ನನ್ನ ಕಡೆ ತಿರುಗಿದಳು. "ಅಮಾಸೆನಾ ಅಕ್ಕ?"

ತಾಯಿಯೂ ನನ್ನನ್ನೇ ನೋಡಿದರು. ಹೂಂ ಅಂದೆ.

ಅವಳು ಚೀಲವನ್ನು ತೆಗೆದು ಮೊಳೆಗೆ ನೇತುಹಾಕಿದಳು.